ಚಿಕ್ಕಪ್ಪನ ವರ್ಷಾವಧಿ ಕುರುಡು

ನಮ್ಮ ಚಿಕ್ಕಪ್ಪ ಕುರುಡ ಎಂಬುದನ್ನು ಬಾಗಲೂರಿನಲ್ಲಿ ಒಪ್ಪದೇ ಇದ್ದವನು ಒಬ್ಬನೇ: ಸ್ವತಃ ಚಿಕ್ಕಪ್ಪ! ಆಸಾಮಿ ಹುಟ್ಟುಗುರುಡ, ಆದರೆ ಹೆಜ್ಜೆಯ ಸದ್ದಿನಲ್ಲೇ ಬಂದವರಾರೆಂದು ಹೇಳಿಬಿಡುತ್ತಿದ್ದ. ಅಷ್ಟಕ್ಕೆ ಎಂಥ ಜಂಬ! "ಕಣ್ಣಿರೋ ನೀವೇ ಎಡವ್ತೀರಲ್ರಲಾ!" ಎಂದು ನಮ್ಮನ್ನೇ ಆಡಿಕೊಳ್ಳುತ್ತಿದ್ದ.

ಹೊಸೂರಿಗೆ ಕಾರ್ಖಾನೆಗಳು ಆಗತಾನೇ ಬರುತ್ತಿದ್ದ ಕಾಲ ಅದು. ಸರ್ಕಾರ ಕೊಡುವ ಅಂಗವಿಕಲರ ಪಿಂಚಣಿಯಿಂದಲೇ ಚಿಕ್ಕಮ್ಮ ಒಲೆ ಹಚ್ಚಬೇಕಿತ್ತು. ವಿಚಾರಣೆಗೆಂದು ರೆವಿನ್ಯೂ ಇನ್‌ಸ್ಪೆಕ್ಟರು ಮನೆಗೆ ಬಂದರೆ ಈ ಮಹಾನುಭಾವ ಜಗಲಿಯ ಮೇಲಿಂದಲೇ, "ಬನ್ನಿ ಸಾಮಿ! ಚಪ್ಲಿ ಹೊಸ್ದಾ? ಎಡಗಾಲು ಕಚ್ತಾ ಐತೆ, ಅಲ್ವಾ?" ಎನ್ನಬೇಕೆ! ಇನ್‌ಸ್ಪೆಕ್ಟರು ತಮ್ಮ ಕಾಲನ್ನೊಮ್ಮೆ, ಇವನನ್ನೊಮ್ಮೆ ನೋಡಿದರು. "ಕಣ್ಣು ಚೆನ್ನಾಗಿದೆ" ಎಂದು ಬರೆದುಕೊಂಡು ಹೋದರು. ಪಿಂಚಣಿ ನಿಂತಿತು.

ಮೇಲ್ಮನವಿ ಹಾಕಿದೆವು. ಹೊಸೂರಿನ ದೊಡ್ಡ ಸಾಹೇಬರ ಕೋಣೆಯಲ್ಲಿ ಕುರ್ಚಿ ಕಿರ್ರೆಂದದ್ದೇ ತಡ, ಚಿಕ್ಕಪ್ಪ ಕೈಮುಗಿದು ತನ್ನ ವಾದವನ್ನೆಲ್ಲ ಒಪ್ಪಿಸಿದ. ಎದುರಿಗಿದ್ದವನು ಕುರ್ಚಿ ಒರೆಸುತ್ತಿದ್ದ ಜವಾನ! ಬಾಗಿಲಲ್ಲಿ ನಿಂತು ಕೇಳಿದ ಸಾಹೇಬರು ಬೇರೆ ಸಾಕ್ಷಿಯನ್ನೇ ಕೇಳಲಿಲ್ಲ, ಪಿಂಚಣಿ ಕೊಡಿ ಎಂದುಬಿಟ್ಟರು. "ನನ್ ವಾದ ಹೆಂಗಿತ್ಲಾ?" ಎಂದು ಇವನು ದಾರಿಯುದ್ದಕ್ಕೂ ಮೀಸೆ ತಿರುವಿದ.

ಗೆದ್ದಾಯಿತು, ಮುಗಿಯಿತು ಅಂದಿರಾ? ವರ್ಷ ತಿರುಗುತ್ತಲೇ ತಾಲ್ಲೂಕು ಕಚೇರಿಯಿಂದ ಕರೆ ಬಂತು. ಇನ್ನೂ ಕುರುಡನೇ ಎಂದು ತೋರಿಸಿ ಪಿಂಚಣಿ ಮುಂದುವರಿಸಿಕೊಳ್ಳಬೇಕಂತೆ! ಹುಟ್ಟುಗುರುಡನ ಕಣ್ಣು ಮಾವಿನ ಮರದ ಹಾಗೆ ವರ್ಷಕ್ಕೊಮ್ಮೆ ಚಿಗುರುತ್ತದೆಂದು ತಿಳಿದಿದ್ದರೇ ಆ ಪುಣ್ಯಾತ್ಮರು? ಅಂಥವರಿಗೆ ಸಂಬಳ ಬೇರೆ!

ನಾವು ಮೂವರೂ ಹೊರಟೆವು. ಬಸ್ಸಿನಲ್ಲಿ ಚಿಕ್ಕಮ್ಮ ಗೋಗರೆದಳು: "ಬಾಯ್ ಮುಚ್ಕಂಡಿರಿ. ಕುರುಡ್ರಂಗಿರಿ."

"ಕುರುಡ್ರು ಹೆಂಗಿರ್ತಾರೆ, ನೀನೇ ತೋರ್ಸ್ಕೊಡು!" ಎಂದ ಭೂಪ.

ಕಚೇರಿಯಲ್ಲಿ ಅದೇ ಇನ್‌ಸ್ಪೆಕ್ಟರು. "ಎನ್ನಪ್ಪಾ, ಕಣ್ಣು ತೆರಿಯುದಾ?" ಎಂದು ತಮಿಳಿನಲ್ಲಿ ಕೇಳಿ, ಕಾಣುತ್ತದೆ ಅಂದರೆ ಸಾಕೆಂಬಂತೆ ಕಾದರು. ಚಿಕ್ಕಪ್ಪನ ತುಟಿ ಅಲ್ಲಾಡಿತು. ಮತ್ತೆ ಚಪ್ಪಲಿಯ ಸುದ್ದಿಗೇ ಬಂದ, ಕೆಟ್ಟೆವು ಎಂದುಕೊಂಡೆ! ಚಿಕ್ಕಮ್ಮ ಅವನ ತೋಳನ್ನು ಮೆಲ್ಲನೆ ಜಗ್ಗಿದಳು. ಅವನು ಅವಳ ಕೈಯ ಮೇಲೆ ತನ್ನ ಕೈಯಿಟ್ಟ.

"ಕಾಣ್ಸಲ್ಲ ಸಾಮಿ," ಎಂದ. "ಲಗ್ನ ಆಗಿ ಇಷ್ಟು ವರ್ಸ ಆತು, ಇವ್ಳ ಮಕ ಹೆಂಗೈತೆ ಅಂತ ನಂಗ್ ಗೊತ್ತಿಲ್ಲ."

ಈ ಮಾತನ್ನು ಅವನು ಮನೆಯಲ್ಲಿ ಯಾರ ಮುಂದೆಯೂ ಆಡಿರಲಿಲ್ಲ. ಚಿಕ್ಕಮ್ಮ ಅಷ್ಟು ಜನರೆದುರಿಗೇ ಅವನ ಕೈಯನ್ನು ತೆಗೆದುಕೊಂಡು ತನ್ನ ಕೆನ್ನೆಯ ಮೇಲೆ ಇಟ್ಟುಕೊಂಡಳು.