ಪುಕ್ಕಟೆ ಗಾಳಿ

ಆವತ್ತು ಬೆಳಿಗ್ಗೆ ಬಂಕ್ ಮಾಮನ ತಲೆ ಕೆಡಿಸಿದ್ದು ಒಂದು ಕಾರು. ಬಂತು, ನಾಲ್ಕು ಚಕ್ರಕ್ಕೂ ಗಾಳಿ ತುಂಬಿಸ್ಕೊಳ್ತು, ಸ್ಟೆಪ್ನಿಗೂ ತುಂಬಿಸ್ಕೊಳ್ತು. ಒಳಗಿದ್ದವರೆಲ್ಲ ಇಳಿದು ಟಾಯ್ಲೆಟ್ಟಿಗೆ ಹೋಗ್ಬಂದ್ರು, ಬಾಟ್ಲಿಗೆ ನೀರು ಹಿಡ್ಕೊಂಡ್ರು. ಆಮೇಲೆ ಸೀದಾ ಎದುರು ಬಂಕಿಗೆ ಹೋಗಿ ಪೆಟ್ರೋಲ್ ಹಾಕಿಸ್ಕೊಂಡ್ರು.

"ನೋಡಿದ್ಯೇನೋ," ಅಂದ ಮಾಮ, ಪಕ್ಕದ ಕಟಿಂಗ್ ಶಾಪಿನವನಿಗೆ. "ಲೀಟರಿಗೆ ನನಗೆ ಉಳಿಯೋದು ಚಿಲ್ಲರೆ. ಅದ್ರಲ್ಲೇ ಕೆಲಸದವರ ಸಂಬಳ, ಕರೆಂಟು. ಕಾರ್ಡು ಉಜ್ಜಿದ್ರೆ ಬ್ಯಾಂಕಿನವ್ರಿಗೆ ಪಾಲು, ಬಿಸಿಲು ಬಂದ್ರೆ ಸೂರ್ಯನಿಗೂ ಪಾಲು, ಅಷ್ಟು ಆವಿಯಾಗಿ ಹೋಗುತ್ತೆ. ರೇಟು ಏರಿದಾಗ ಬೈಗುಳ ಮಾತ್ರ ಪೂರ್ತಿ ನನಗೇ. ಇವರ ಟೈರಿಗೂ ನಾನೇ ಉಸಿರು ಕೊಡ್ಬೇಕಾ?"

"ಗಾಳಿ ಮಿಷಿನ್ ಕೆಟ್ಟಿದೆ ಅಂತ ಬೋರ್ಡ್ ನೇತಾಕಿ ಮಾಮ," ಅಂದ ಅವನು. ಅವನ ನಾಲಿಗೆ ಅವನ ಕತ್ತರಿಗಿಂತ ಚುರುಕು.

ಬೋರ್ಡ್ ನೇತಾಕಿದ್ದೇ ತಡ, ಗಾಳಿ ಮಿಷಿನ್ ಸುತ್ತ ಜನ ಸೇರಿದ್ರು, ಕಾಯಿಲೆ ಬಿದ್ದ ಅಜ್ಜಿ ಮಂಚದ ಸುತ್ತ ನೆಂಟರು ಕೂತ ಹಾಗೆ. ಟೈಲರ್ ಕಿವಿ ಇಟ್ಟು ಕೇಳಿ, "ಬೆಲ್ಟ್ ಹೋಗಿದೆ" ಅಂದ. ವೆಲ್ಡಿಂಗಿನವನು, "ನಿನ್ನ ತಲೆ, ವಾಲ್ವು" ಅಂದ. ಇಬ್ಬರೂ ಅಲ್ಲೇ ಕುರ್ಚಿ ಹಾಕ್ಕೊಂಡು ವಾದಕ್ಕೆ ಕೂತ್ರು.

ಅಷ್ಟೊತ್ತಿಗೆ ಹೆಂಡತಿ ಫೋನು. "ನಮ್ಮಮ್ಮ ಬಸ್ ಇಳಿದು ನಿಂತಿದ್ದಾಳೆ, ಬೇಗ ಹೋಗಿ. ಹೋದ ಸಲದ ಹಾಗೆ ಕಾಯಿಸಿದ್ರೆ ಈ ಸಲ ವಾಪಸ್ ಹೋಗೋದೇ ಇಲ್ವಂತೆ."

ಮಾಮ ಓಡಿದ. ಸ್ಕೂಟರಿನ ಹಿಂದಿನ ಟೈರು ಒದ್ದೆ ಗೋಣಿಚೀಲದ ಹಾಗೆ ಮಲಗಿತ್ತು. ಗಾಳಿ ಮಿಷಿನ್ ಕೈಗೆಟುಕೋ ದೂರದಲ್ಲಿ, ಕಾವಲಿಗೆ ಇಬ್ಬರು ಡಾಕ್ಟರು. ಪೈಪ್ ಮುಟ್ಟಿದ್ರೆ ಬೀದಿಗೆಲ್ಲ ಸುಳ್ಳ ಆಗ್ಬೇಕು. ಹಲ್ಲು ಕಚ್ಕೊಂಡು ಸ್ಕೂಟರ್ ತಳ್ಳಿಕೊಂಡು ರಸ್ತೆ ದಾಟಿದ.

ಎದುರು ಬಂಕಿನ ಅಕ್ಕ ಅವನನ್ನೂ ನೋಡಿದ್ಲು, ಟೈರನ್ನೂ ನೋಡಿದ್ಲು. "ಪೆಟ್ರೋಲ್ ಹಾಕಿಸ್ಕೊಂಡವರಿಗೆ ಮಾತ್ರ ಗಾಳಿ ಮಾಮ. ಪುಕ್ಕಟೆ ಕೊಟ್ರೆ ನಮಗೇನು ಉಳಿಯುತ್ತೆ, ನಿಮಗೆ ಗೊತ್ತಿಲ್ವಾ?"

"ಇದು ಅನ್ಯಾಯ ಕಣಮ್ಮ. ಗಾಳಿಗೂ ಯಾರಾದ್ರೂ ಲೆಕ್ಕ ಹಾಕ್ತಾರಾ?"

ಫೋನು ಮತ್ತೆ ಬಡ್ಕೊಳ್ತು. ಮಾಮ ಟ್ಯಾಂಕಿನ ಮುಚ್ಚಳ ತೆಗೆದ.

"ಮಾಮ, ಸ್ವಲ್ಪ ಇಲ್ಲಿ ನೋಡಿ," ಅಂತ ಹಿಂದಿನಿಂದ ಕಟಿಂಗ್ ಶಾಪಿನವನ ದನಿ. ಮಾಮ ತಿರುಗಿದ. ಮೊಬೈಲ್ ಕ್ಲಿಕ್ ಅಂತು.

ಮಾರನೇ ದಿನ ಎದುರು ಬಂಕಿನ ಮೇಲೆ ಗೋಡೆಯಷ್ಟು ದೊಡ್ಡ ಬ್ಯಾನರು. ಅದ್ರಲ್ಲಿ ಸ್ಕೂಟರ್ ಹಿಡ್ಕೊಂಡ ಮಾಮ. ಕೆಳಗೆ, "ಎದುರು ಬಂಕಿನ ಓನರೇ ಇಲ್ಲಿ ಹಾಕಿಸ್ತಾರೆ. ಮತ್ತೆ ನೀವು?" ಗಾಡಿಗಳ ಸಾಲು ತಿರುವಿನ ತನಕ. ಸಾಲಿನ ಮುಂದೆ ಕಟಿಂಗ್ ಶಾಪಿನವನು, ಅವನಿಗೆ ಇವತ್ತು ಫುಲ್ ಟ್ಯಾಂಕ್ ಪುಕ್ಕಟೆ.

ಮಾಮನ ತಲೆಯಿಂದ ಹೊಗೆ ಏಳೋದೊಂದು ಬಾಕಿ. ಬಂಕಿನಲ್ಲಿ ಅದಕ್ಕೂ ಪರ್ಮಿಷನ್ ಇಲ್ಲ.

ಸಾಲಿನಿಂದ ಒಬ್ಬ ರಸ್ತೆ ದಾಟಿ ಓಡೋಡಿ ಬಂದ. ಮಾಮ ಆಸೆಯಿಂದ ಪೆಟ್ರೋಲ್ ಪೈಪ್ ಎತ್ತಿದ.

"ಟಾಯ್ಲೆಟ್ ಕೀ ಕೊಡಿ ಮಾಮ," ಅಂದ ಅವನು. "ಅಲ್ಲಿ ಇಲ್ವಂತೆ. ನಿಮ್ಮಲ್ಲಿಗೇ ಹೋಗು ಅಂದ್ಲು ಅಕ್ಕ."