ರಾಜನಿಗೆ ಹೆಣ್ಣು ನೋಡಿದ್ದು

ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಶ್ರೀಗೌರಿಯನ್ನು ಈವರೆಗೆ ಏಳು ಗಂಡಿನ ಕಡೆಯವರು ಬಂದು ನೋಡಿದ್ದಾರೆ. ಆಲ್ಕೊಳದ ನಮ್ಮ ಮನೆಯ ಸೋಫಾ ಅವರ ಭಾರಕ್ಕೇ ತಗ್ಗುಬಿದ್ದಿದೆ. ಉಪ್ಪಿಟ್ಟು, ಕೇಸರಿಬಾತು ಮುಗಿಸಿ, ಕೈ ಒರೆಸಿಕೊಂಡು, "ಊರಿಗೆ ಹೋಗಿ ತಿಳಿಸ್ತೀವಿ" ಎಂದು ಹೊರಡುವ ಆ ಗತ್ತು ಇದೆಯಲ್ಲ, ಅದು ಬಾಗಿಲಲ್ಲಿ ಕೈಮುಗಿದು ನಿಂತವರಿಗೇ ಗೊತ್ತು. ಜನ್ಮದಲ್ಲಿ ಒಮ್ಮೆಯಾದರೂ ನಾನೂ ಗಂಡಿನ ಕಡೆಯವನಾಗಬೇಕು ಎಂದು ಆಸೆಪಟ್ಟರೆ ತಪ್ಪೇ?

ಆ ಯೋಗ ತಂದುಕೊಟ್ಟವನು ರಾಜ, ನಮ್ಮ ಶಿಟ್ಜು ನಾಯಿ. ಮೈತುಂಬ ರೇಷ್ಮೆಯಂಥ ಕೂದಲು. ಮುಖ ಯಾವ ಕಡೆ, ಬಾಲ ಯಾವ ಕಡೆ ಎಂದು ತಿಳಿಯಲು ಬಿಸ್ಕತ್ತು ಹಿಡಿದು ನೋಡಬೇಕು. ಹೆಂಡತಿ ಸೀತಾಲಕ್ಷ್ಮಿ ನಾಯಿ ಸಾಕುತ್ತೇನೆಂದು ಹಟ ಹಿಡಿದಾಗ, "ತರೋದಾದ್ರೆ ಗಂಡು ತಾ. ಈ ಮನೇಲಿ ಹೆಂಗಸರ ಮೆಜಾರಿಟಿ ಈಗ್ಲೇ ಜಾಸ್ತಿ" ಎಂದು ರಾಜಾಜ್ಞೆ ಹೊರಡಿಸಿದ್ದೆ. (ಮದುವೆಯಾದ ಮೇಲೆ ನಡೆದ ನನ್ನ ಒಂದೇ ಆಜ್ಞೆ ಎಂದು ಬೀಗಿದ್ದೆ.) ಸ್ನಾನ, ತಲೆ ಬಾಚುವುದು, ಜುಟ್ಟಿಗೆ ರಬ್ಬರ್ ಬ್ಯಾಂಡ್, ಎಲ್ಲ ಹೆಂಗಸರ ಖಾತೆ. ಬೆಳಗಿನ ವಾಕಿಂಗ್ ಮಾತ್ರ ನನ್ನದು. ಬೀದಿನಾಯಿಗಳಂತೆ ರಾಜ ಕಂಬ ಕಂಡಲ್ಲೆಲ್ಲ ಕಾಲೆತ್ತುತ್ತಿರಲಿಲ್ಲ. ಮರ್ಯಾದೆಯಿಂದ ಕೂತು ಮುಗಿಸುತ್ತಿದ್ದ. "ನೋಡಿ, ನಮ್ಮನೆ ಸಂಸ್ಕಾರ" ಎಂದು ಪಕ್ಕದ ಮನೆಯ ಗಣಪಯ್ಯನವರಿಗೆ ತೋರಿಸಿ ಹೆಮ್ಮೆಪಟ್ಟಿದ್ದೆ. ಅವರು ಕೆಮ್ಮುತ್ತ ಒಳಗೆ ಹೋಗಿದ್ದರು.

ಮಾಚೇನಹಳ್ಳಿಯ ಕಾರ್ಖಾನೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಭದ್ರಾವತಿಯ ಜಯಕುಮಾರ್ ಒಂದು ದಿನ, "ಸಾರ್, ನಮ್ಮನೇಲೂ ಶಿಟ್ಜು ಇದೆ, ಹೆಣ್ಣು. ಒಳ್ಳೆ ಗಂಡು ಹುಡುಕ್ತಾ ಇದೀವಿ" ಎಂದ. ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು.

"ಭಾನುವಾರ ಬರ್ತೀವಿ" ಎಂದೆ, ಗಂಟಲು ದಪ್ಪ ಮಾಡಿಕೊಂಡು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಇಂಥ ಘನಕಾರ್ಯಗಳಲ್ಲಿ ಹೆಂಗಸರಿಗೇನು ಕೆಲಸ?

ಭಾನುವಾರ ಇಸ್ತ್ರಿ ಮಾಡಿದ ಪಂಚೆ ಉಟ್ಟು, ರಾಜನನ್ನು ಕಾರಿನಲ್ಲಿ ಕೂರಿಸಿಕೊಂಡು, ಬೇಕೆಂದೇ ಅರ್ಧ ಗಂಟೆ ತಡವಾಗಿ ಭದ್ರಾವತಿ ತಲುಪಿದೆ. ಜಯಕುಮಾರ್ ಗೇಟಿನವರೆಗೆ ಓಡಿಬಂದ. ಉಪ್ಪಿಟ್ಟು ಬಂತು, ಕೇಸರಿಬಾತು ಬಂತು. "ತುಪ್ಪ ಸ್ವಲ್ಪ ಕಮ್ಮಿ" ಎಂದೆ. ಆಹಾ, ಹಾಗೆನ್ನುವುದರಲ್ಲಿರುವ ಸುಖ! ಅವರ ಹುಡುಗಿ ಪಿಂಕಿ ಮೇಜಿನಡಿ ನಾಚಿಕೊಂಡು ಕೂತಿದ್ದಳು.

"ಎತ್ತರ ಸಾಲ್ದೇನೋ ಅನ್ಸುತ್ತೆ." (ನಮ್ಮ ರಾಜ ನನ್ನ ಮೊಣಕಾಲಿಗೂ ಬರುವುದಿಲ್ಲ, ಆ ಮಾತು ಬೇರೆ.)

"ತಳೀನೇ ಅಷ್ಟು ಸಾರ್."

"ಇರ್ಲಿ ಬಿಡು, ಅಡ್ಜಸ್ಟ್ ಮಾಡ್ಕೊಳ್ಳೋಣ. ನಮ್ದೇನೂ ಡಿಮ್ಯಾಂಡ್ ಇಲ್ಲ. ಹುಟ್ಟೋ ಮರಿಗಳಲ್ಲಿ ಮೊದ್ಲು ಆರಿಸೋದು ನಾವು. ಕರ್ಕೊಂಡು ಬರೋದು, ಹೋಗೋದು ನಿಮ್ದು. ಆಮೇಲೆ, ನಮ್ ಹುಡುಗನಿಗೆ ಫ್ಯಾನ್ ಇಲ್ದೆ ನಿದ್ದೆ ಬರಲ್ಲ."

"ಆಗ್ಲಿ ಸಾರ್, ಆಗ್ಲಿ ಸಾರ್" ಎನ್ನುತ್ತಿದ್ದ ಜಯಕುಮಾರ್. ಏಳು ಸಂಬಂಧಗಳ ಸೇಡು ತಣ್ಣಗೆ ತೀರುತ್ತಿತ್ತು.

ಆಗ ಒಳಗಿನಿಂದ ಅವನ ತಾಯಿ ಬಂಗಾರಮ್ಮ ಬಂದರು. ದನ, ಎಮ್ಮೆ ಸಾಕಿ ಪಳಗಿದ ಕೈ. ರಾಜನನ್ನು ಅನಾಮತ್ತಾಗಿ ಎತ್ತಿ, ಮಡಿಲಲ್ಲಿ ಅಂಗಾತ ಮಲಗಿಸಿ, ಹೊಟ್ಟೆಯ ಕೂದಲು ಸರಿಸಿ ನೋಡಿದರು.

"ಗಂಡು ಅಂತ ಯಾರು ಹೇಳಿದ್ದು? ಹೆಣ್ಣು ಕಣಪ್ಪ ಇದು!"

ಅಂಗಳಕ್ಕೆ ಓಡಿ ಹೆಂಡತಿಗೆ ಫೋನ್ ಮಾಡಿದೆ. "ರಾಜ ಹೆಣ್ಣಂತೆ! ನಿಂಗೆ ಗೊತ್ತಿತ್ತಾ?"

"ನಿಮ್ಮೊಬ್ರನ್ನ ಬಿಟ್ಟು ಎಲ್ರಿಗೂ ಗೊತ್ತು. ಹೆಣ್ಣು ಬೇಡ ಅಂದ್ರಲ್ಲ, ಅದ್ಕೇ ರಾಜ ಅಂತ ಹೆಸರಿಟ್ವಿ. ಗಣಪಯ್ಯನವ್ರಿಗೂ ಗೊತ್ತು, ನೀವು ನೊಂದ್ಕೋತೀರಿ ಅಂತ ಸುಮ್ನಿದ್ರು. ಅದ್ಸರಿ, ನೀವೀಗ ಎಲ್ಲಿದೀರಿ?"

ಫೋನ್ ಕಟ್ ಮಾಡಿದೆ.

ಒಳಗೆ ಬರುವಷ್ಟರಲ್ಲಿ ಜಯಕುಮಾರ್ ಕುರ್ಚಿಗೆ ಒರಗಿ ಕಾಲಮೇಲೆ ಕಾಲು ಹಾಕಿಕೊಂಡಿದ್ದ. "ಆಯನೂರಲ್ಲಿ ನಮ್ಮಕ್ಕನ ಮನೇಲಿ ಗಂಡಿದೆ. ಪಿಂಕಿ ಜೊತೆ ಒಂದೇ ಸೂಲಲ್ಲಿ ಹುಟ್ಟಿದ್ದು, ಹಾಗಾಗಿ ನಮಗಾಗಲ್ಲ, ನಿಮಗಾಗುತ್ತೆ. ಆದ್ರೆ ಅವ್ರು ಸ್ವಲ್ಪ ನೋಡಿ ಮಾಡೋರು. ನಿಮ್ ಹುಡುಗಿ ಮೂಗು ಚಪ್ಪಟೆ ಜಾಸ್ತಿ ಆಯ್ತು ಅಂತಾರೇನೋ."

ಎದ್ದು ಹೊರಟುಬಿಡಬೇಕಿತ್ತು. ಅಷ್ಟರಲ್ಲಿ ರಾಜ ಬಂದು ನನ್ನ ಪಾದದ ಮೇಲೆ ಗಲ್ಲವಿಟ್ಟು ಮಲಗಿದಳು. ನೋಡುತ್ತೇನೆ, ನನ್ನ ಎರಡೂ ಕೈ ಜೋಡಿಕೊಂಡಿವೆ.

"ಗುಣ ಬಂಗಾರ ಕಣಯ್ಯ" ಎಂದೆ. "ಯಾರ ಮನೆಗೆ ಹೋದ್ರೂ ಹೊಂದ್ಕೊಂಡು ಹೋಗ್ತಾಳೆ. ನೀನೇ ಒಂದು ಮಾತು ಹೇಳು ಮಾರಾಯ. ಎಷ್ಟು ಜನ ಬರ್ತಾರೆ ಅಂತ ಮೊದ್ಲೇ ತಿಳಿಸಿದ್ರೆ, ತಿಂಡಿಗೆ ಹೇಳ್ತೀನಿ."