ಮನೆಯಳಿಯನ ನೆಟ್‌ವರ್ಕ್ ಕಾರ್ಡು

ಮನೆಯಳಿಯನಿಗೆ ಮಾವನ ಮನೆಯ ರಸ್ತೆ ಕಡೆಯ ಕೋಣೆ ಬೇಕಾಗಿತ್ತು, ಕಂಪ್ಯೂಟರ್ ರಿಪೇರಿ ಅಂಗಡಿ ಇಡಲು. "ಮೊದಲು ನಮ್ಮ ಕಂಪ್ಯೂಟರ್ ಸರಿಮಾಡಿ ತೋರ್ಸಿ ಅಳಿಯಂದಿರೇ, ಆಮೇಲೆ ಕೋಣೆ ಮಾತು," ಎಂದಿದ್ದರು ಮಾವ. ಅದರಲ್ಲಿ ಒಂದು ಪುಟ ತೆರೆಯುವಷ್ಟರಲ್ಲಿ ಮಾವನ ಸ್ನಾನ ಮುಗಿಯುತ್ತಿತ್ತು. ಅಳಿಯ ಹಿಂದಿನ ಸಂಜೆ ಒಳಗಿದ್ದುದನ್ನೆಲ್ಲ ಗುಡಿಸಿ ಹಾಕಿ ಲಿನಕ್ಸ್ ಎಂಬ ಬೇರೆಯೇ ಕಾರ್ಯವ್ಯವಸ್ಥೆ ತುಂಬಿದ. "ಇನ್ನು ವೈರಸ್ಸು ಹತ್ರಾನೂ ಸುಳಿಯಲ್ಲ ಮಾವ," ಎಂದು ಕೊಚ್ಚಿಕೊಂಡ.

ಬೆಳಿಗ್ಗೆ ನೋಡಿದರೆ ಇಂಟರ್ನೆಟ್ಟೂ ಹತ್ತಿರ ಸುಳಿಯಲಿಲ್ಲ. ಪರದೆಯ ಮೇಲೆ ವೈಫೈ ಹೆಸರೇನೋ ಕಾಣುತ್ತಿತ್ತು, ಒಳಗೆ ಮಾತ್ರ ಬಿಡುತ್ತಿರಲಿಲ್ಲ.

"ಪಾಸ್‌ವರ್ಡ್ ತಪ್ಪಿರಬಹುದಲ್ವೇನ್ರೀ?" ಹೆಂಡತಿ ಕೇಳಿದಳು.

"ನಿನ್ನೆವರೆಗೂ ಅದೇ ನಡೀತಿತ್ತಲ್ಲ! ಇದು ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಸಮಸ್ಯೆ ಕಣೇ. ನಿಂಗರ್ಥ ಆಗಲ್ಲ."

ಅಷ್ಟು ಸುಲಭದ ಕಾರಣವನ್ನು ಒಪ್ಪಿಕೊಳ್ಳುವುದು ಲಿನಕ್ಸ್ ಬಲ್ಲವರ ಜಾಯಮಾನವಲ್ಲ. ಅವನು ಮೊಬೈಲಿನಲ್ಲಿ ಹುಡುಕಿ, ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಒಂದನ್ನು ತಂದು ತುಂಬಿದ. ನೆಟ್ ಬರಲಿಲ್ಲ, ಸ್ಪೀಕರಿನಲ್ಲಿದ್ದ ಸದ್ದೂ ಹೋಯಿತು. ಇನ್ನೊಂದು ತುಂಬಿದ. ಅಕ್ಷರಗಳೆಲ್ಲ ಇರುವೆ ಗಾತ್ರಕ್ಕೆ ಇಳಿದವು.

ಗಲಾಟೆ ಕೇಳಿ ಪಕ್ಕದ ಮನೆಯ ನಿವೃತ್ತ ಬಸ್ ಕಂಡಕ್ಟರು ಬಂದು ಕುರ್ಚಿ ಎಳೆದುಕೊಂಡು ಕೂತರು. "ಬಿಚ್ಚಿ ಒರೆಸಪ್ಪಾ, ಧೂಳಿರುತ್ತೆ," ಎಂದರು. ಅಳಿಯ ಡಬ್ಬ ಬಿಚ್ಚಿ ಕಾರ್ಡು ಕಿತ್ತು ಒರೆಸಿದ. ಒಂದು ಸ್ಕ್ರೂ ಬೀರುವಿನ ಕೆಳಗೆ ಉರುಳಿತು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅವನು ನೆಲದ ಮೇಲೆ ಬೋರಲು ಬಿದ್ದು ಅದನ್ನು ತಡಕಾಡುತ್ತಿದ್ದ.

"ಇಂಥವರ ಅಂಗಡಿಗೆ ಯಾರು ಬರ್ತಾರೆ?" ಎಂದರು ಮಾವ, ಗೋಡೆಗೆ ಹೇಳಿದಂತೆ. ಅಳಿಯನಿಗೆ ಕಣ್ಣಲ್ಲಿ ನೀರೇ ಬಂತು.

ಕಾರ್ಡು ಮತ್ತೆ ಕೂತಿತು. ಮತ್ತೆ ಅದೇ ಹೆಸರು, ಮತ್ತೆ ಅದೇ ಹಟ. ಕಂಡಕ್ಟರು ಕನ್ನಡಕ ಏರಿಸಿ ಪರದೆಗೆ ಬಗ್ಗಿದರು.

"ಅರೆ! ಇದು ನಮ್ಮನೆ ವೈಫೈ ಅಲ್ವೇ? ಯಾರೋ ಕದ್ದು ಬಳಸ್ತಿದಾರೆ ಅಂತ ಇವತ್ತು ಬೆಳಿಗ್ಗೆ ತಾನೇ ಪಾಸ್‌ವರ್ಡ್ ಬದಲಾಯಿಸ್ದೆ!"

ಅಳಿಯ ಮಾವನ ಮುಖ ನೋಡಿದ. ಮಾವ ಫ್ಯಾನ್ ನೋಡಿದರು.

"ಮಾವ, ಪಾಸ್‌ವರ್ಡ್ ನೀವೇ ತಾನೇ ಕೊಟ್ಟಿ..."

"ಬಾಯ್ಮುಚ್ಚು!" ಮದುವೆಯಾದಂದಿನಿಂದ ಬಹುವಚನದಲ್ಲಿದ್ದ ಮಾವ ಏಕವಚನಕ್ಕಿಳಿದರು. "ಪಕ್ಕದ ಮನೇದಕ್ಕೆ ಕೈ ಹಾಕ್ತೀಯಾ? ಇದೇನೋ ನೀನು ಕಲಿತ ವಿದ್ಯೆ?"

"ಅದಕ್ಕೇ ಮತ್ತೆ," ಕಂಡಕ್ಟರು ತಲೆದೂಗಿದರು. "ಇವನು ಬಂದಾಗಿನಿಂದ್ಲೇ ನಮ್ಮನೇಲಿ ನೆಟ್ ನಿಧಾನ."

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಅಳಿಯ ತಲೆ ತಗ್ಗಿಸಿ, ತಾನು ಮಾಡದ ತಪ್ಪಿಗೆ ಕಂಡಕ್ಟರ ಕ್ಷಮೆ ಕೇಳಿದ. ಅವರು ಉದಾರವಾಗಿ ಕ್ಷಮಿಸಿ, ಬೀದಿಗೆಲ್ಲ ಸುದ್ದಿ ಮುಟ್ಟಿಸಲು ಹೊರಟರು.

ಗೇಟು ಹಾಕಿದ ಸದ್ದಾಯಿತು. ಮಾವ ಬಂದು ಪಕ್ಕದಲ್ಲಿ ಕೂತರು. ದನಿ ಮೆತ್ತಗಾಗಿತ್ತು, ಬಹುವಚನವೂ ಮರಳಿತ್ತು.

"ಆ ಹೊಸ ಪಾಸ್‌ವರ್ಡ್ ಹೆಂಗಾದ್ರೂ ಪತ್ತೆಮಾಡಿ ಅಳಿಯಂದಿರೇ. ಆಮೇಲೆ ಕೋಣೆ ಮಾತು."